‘ಟೈಟ್ರೇಟ್’ ಮಾಡುವುದು ಎಂದರೆ ಏನು ಮಾಡುವುದು?

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಟೈಟ್ರೇಷನ್ ಗೊತ್ತು. ಹನಿಹನಿಯಾಗಿ ಇಳಿಸುವ ಗೆರೆ ಹಾಕಿದ ಗಾಜಿನ ಕೊಳವೆ ಬ್ಯೂರೆಟ್, ಅಳತೆಯಷ್ಟೇ ಹೀರಿ ತೆಗೆಯುವ ಪಿಪೆಟ್, ಬಣ್ಣ ತಿರುಗುವ ದ್ರಾವಣ, ಮೂರು ರೀಡಿಂಗ್, ರೆಕಾರ್ಡ್ ಬುಕ್ಕು. ಪರೀಕ್ಷೆ ಮುಗಿದ ದಿನವೇ ಆ ಪದದ ಸಹವಾಸವೂ ಮುಗಿಯಿತು ಅಂದುಕೊಂಡಿರುತ್ತೇವೆ. ಎಷ್ಟೋ ವರ್ಷ ಕಳೆದ ಮೇಲೆ ಮನೆಯ ಹಿರಿಯರೊಬ್ಬರ ಡಿಸ್ಚಾರ್ಜ್ ಸಮ್ಮರಿಯಲ್ಲಿ, ಇನ್ಸುಲಿನ್ ಹೆಸರಿನ ಪಕ್ಕದಲ್ಲಿ, ಅದೇ ಪದ ಕ್ರಿಯಾಪದವಾಗಿ ಕೂತಿರುತ್ತದೆ: ‘ಟೈಟ್ರೇಟ್ ಆ್ಯಸ್ ಪರ್ ಎಫ್‌ಬಿಎಸ್’. ಎಫ್‌ಬಿಎಸ್ ಅಂದರೆ ಖಾಲಿ ಹೊಟ್ಟೆಯ ಸಕ್ಕರೆ ಎಂಬುದು ಇಂದು ಎಲ್ಲರಿಗೂ ಗೊತ್ತು. ಆದರೆ ಟೈಟ್ರೇಟ್? ಇಲ್ಲಿ ಬ್ಯೂರೆಟ್ ಎಲ್ಲಿದೆ, ಯಾವ ಬಣ್ಣ ತಿರುಗಬೇಕು?

ನಿಘಂಟು ತೆರೆದರೆ ಎರಡು ಅರ್ಥ ಸಿಗುತ್ತವೆ. ಒಂದು ದ್ರಾವಣದಲ್ಲಿ ಯಾವುದೋ ವಸ್ತು ಎಷ್ಟಿದೆ ಎಂಬುದನ್ನು, ಅದರೊಂದಿಗೆ ವರ್ತಿಸುವ ಇನ್ನೊಂದು ದ್ರಾವಣವನ್ನು ಅಳೆದು ಸೇರಿಸುತ್ತ ಕಂಡುಹಿಡಿಯುವುದು ಮೊದಲನೆಯದು. ಔಷಧದ ಪ್ರಮಾಣವನ್ನು ಅದರ ಪರಿಣಾಮ ನೋಡಿಕೊಂಡು ಹೆಚ್ಚುಕಡಿಮೆ ಮಾಡುತ್ತ ಸರಿಯಾದಲ್ಲಿಗೆ ತರುವುದು ಎರಡನೆಯದು. ಮೊದಲನೆಯದು ಅಳತೆಯ ಕೆಲಸ, ಎರಡನೆಯದು ಹೊಂದಿಸುವ ಕೆಲಸ. ಒಂದೇ ಕ್ರಿಯಾಪದ ಇವೆರಡನ್ನೂ ಹೇಗೆ ಹೊತ್ತುಕೊಂಡಿತು ಎಂಬುದನ್ನು ಅರಿಯಲು ಪ್ರಯೋಗಾಲಯದಿಂದಲೇ ಶುರುಮಾಡುವುದು ಒಳ್ಳೆಯದು. ಅಲ್ಲಿ ಕೆಲಸದ ಪ್ರತಿ ಹೆಜ್ಜೆಯೂ ಕಣ್ಣಿಗೆ ಕಾಣುತ್ತದೆ.

ಪಿಯುಸಿಯ ಖಾಯಂ ಪ್ರಯೋಗವನ್ನೇ ತೆಗೆದುಕೊಳ್ಳೋಣ: ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣದ ಸಾಂದ್ರತೆ ಎಷ್ಟು? ಪರ್ಮ್ಯಾಂಗನೇಟನ್ನು ತೂಗಿ ಕರಗಿಸಿದರೆ ಸಾಂದ್ರತೆ ತಾನಾಗಿಯೇ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಅದು ಅಷ್ಟು ಶುದ್ಧವಾಗಿ ಸಿಗುವುದಿಲ್ಲ, ಬೆಳಕಿಗೆ ನಿಧಾನವಾಗಿ ಒಡೆಯುತ್ತದೆ, ಇಟ್ಟಷ್ಟೂ ಸಾಂದ್ರತೆ ಕಡಿಮೆಯಾಗುತ್ತ ಹೋಗುತ್ತದೆ. ಆಕ್ಸಾಲಿಕ್ ಆಸಿಡ್ ಹರಳು ಹಾಗಲ್ಲ, ನಂಬಿ ತೂಗಬಹುದು. 0.63 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ 0.05 ಮೋಲಾರ್ ದ್ರಾವಣ, ಅಂದರೆ ಲೀಟರಿಗೆ 0.05 ಮೋಲ್ (ಅಣುಗಳನ್ನು ಎಣಿಸುವ ಮಾನ) ಇರುವ ದ್ರಾವಣ ಸಿದ್ಧ. ಹೀಗೆ ಒಂದು ಕಡೆ ಗೊತ್ತಿರುವ ದ್ರಾವಣ, ಇನ್ನೊಂದು ಕಡೆ ಗೊತ್ತಿಲ್ಲದ್ದು.

ಗೊತ್ತಿರುವ ಆಕ್ಸಾಲಿಕ್ ಆಸಿಡ್ಡನ್ನು ಪಿಪೆಟ್ಟಿನಲ್ಲಿ 10 ಮಿ.ಲೀ. ತೆಗೆದು ಕೋನಿಕಲ್ ಫ್ಲಾಸ್ಕಿಗೆ ಹಾಕುತ್ತಾರೆ, ಸ್ವಲ್ಪ ತೆಳುಮಾಡಿದ ಗಂಧಕಾಮ್ಲ ಸೇರಿಸುತ್ತಾರೆ, 60–70 ಡಿಗ್ರಿಗೆ ಬಿಸಿ ಮಾಡುತ್ತಾರೆ. ಕಡು ನೇರಳೆಯ ಪರ್ಮ್ಯಾಂಗನೇಟ್ ಬ್ಯೂರೆಟ್ಟಿನಲ್ಲಿರುತ್ತದೆ. ಮೊದಲ ಹನಿ ಬಿದ್ದಾಗ ಫ್ಲಾಸ್ಕು ಗುಲಾಬಿಯಾಗಿ ಹಾಗೇ ನಿಂತುಬಿಡುತ್ತದೆ. ಹೊಸಬರು ಇಲ್ಲಿಯೇ ಗಾಬರಿಯಾಗಿ ‘ಸಾರ್, ಆಗ್ಹೋಯ್ತು’ ಅನ್ನುತ್ತಾರೆ. ಆಗಿರುವುದಿಲ್ಲ. ಈ ಕ್ರಿಯೆಗೆ ವೇಗ ಕೊಡುವುದು ಕ್ರಿಯೆಯಿಂದಲೇ ಹುಟ್ಟುವ ಮ್ಯಾಂಗನೀಸ್ ಅಯಾನು. ಮೊದಲಿಗೆ ಅದು ಇರುವುದಿಲ್ಲವಾದ್ದರಿಂದ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಆಮೇಲಾಮೇಲೆ ಹನಿ ಬಿದ್ದ ಕೂಡಲೇ ಬಣ್ಣ ಮಾಯ. ಕೊನೆಗೊಮ್ಮೆ ಒಂದು ಹನಿಯ ತಿಳಿ ಗುಲಾಬಿ ಅಲುಗಾಡಿಸಿದರೂ ಹೋಗದೆ ಅರ್ಧ ನಿಮಿಷ ಉಳಿಯುತ್ತದೆ. ಒಳಗಿದ್ದ ಆಕ್ಸಾಲಿಕ್ ಆಸಿಡ್ಡೆಲ್ಲ ಖರ್ಚಾಗಿದೆ, ಹೊಸದಾಗಿ ಬಂದ ಪರ್ಮ್ಯಾಂಗನೇಟಿಗೆ ಜೊತೆ ಸಿಗುತ್ತಿಲ್ಲ ಎಂದು ಅರ್ಥ. ಅಲ್ಲಿ ನಿಲ್ಲಿಸಿ ಬ್ಯೂರೆಟ್ ಓದಬೇಕು.

10.0 ಮಿ.ಲೀ. ಇಳಿದಿದೆ ಅನ್ನಿ. ಐದು ಆಕ್ಸಾಲಿಕ್ ಆಸಿಡ್ ಅಣುಗಳಿಗೆ ಎರಡು ಪರ್ಮ್ಯಾಂಗನೇಟ್ ಎಂಬುದು ಈ ಕ್ರಿಯೆಯ ಲೆಕ್ಕ. ಫ್ಲಾಸ್ಕಿನಲ್ಲಿ 0.0005 ಮೋಲ್ ಆಕ್ಸಾಲಿಕ್ ಆಸಿಡ್ ಇತ್ತು, ಆದ್ದರಿಂದ ಇಳಿದ ಪರ್ಮ್ಯಾಂಗನೇಟ್ 0.0002 ಮೋಲ್. ಅಷ್ಟು 10 ಮಿ.ಲೀ.ಯಲ್ಲಿ ಇದ್ದರೆ ಸಾಂದ್ರತೆ 0.02 ಮೋಲಾರ್. ಕ್ರಿಯೆ ಯಾವ ಅನುಪಾತದಲ್ಲಿ ನಡೆಯುತ್ತದೆ ಎಂಬುದು ಮೊದಲೇ ಗೊತ್ತಿಲ್ಲದಿದ್ದರೆ ಈ ಲೆಕ್ಕವೇ ಇಲ್ಲ. ಬಣ್ಣ ತಿರುಗಿದ್ದು ಚೆಂದವಾಗಿ ಕಂಡಿತು ಅಷ್ಟೇ.

ಬ್ಯೂರೆಟ್ಟಿನ ಒಂದು ಹನಿ ಸುಮಾರು 0.05 ಮಿ.ಲೀ. ಬ್ಯೂರೆಟ್ಟಿನ ಗೆರೆಗಳು 0.1 ಮಿ.ಲೀ.ಗೆ ಒಂದರಂತೆ. ಅಂದರೆ ಎರಡು ಹನಿ ಹೆಚ್ಚಾದರೆ ಒಂದು ಗೆರೆ ತಪ್ಪಿದಂತೆ. ಈ ಪ್ರಯೋಗದಲ್ಲಿ ಲೆಕ್ಚರರುಗಳು ಕೊಡುವ ಎಚ್ಚರಿಕೆಗಳೆಲ್ಲ ಆ ಎರಡು ಹನಿಗಾಗಿಯೇ. ಬ್ಯೂರೆಟ್ಟಿನ ಬಾಯಲ್ಲಿ ಫನೆಲ್ ಬಿಟ್ಟರೆ ಅದರಿಂದ ಹನಿ ಜಾರುತ್ತದೆ. ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಅದು ಹೊರಬಿದ್ದಾಗ ದ್ರಾವಣ ಖರ್ಚಾದಂತೆ ರೀಡಿಂಗ್ ತೋರಿಸುತ್ತದೆ. ಬ್ಯೂರೆಟ್ಟನ್ನು ಅದರೊಳಗೆ ತುಂಬುವ ದ್ರಾವಣದಲ್ಲೇ ಒಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಒಳಗೋಡೆಯ ನೀರು ದ್ರಾವಣವನ್ನು ತೆಳುಮಾಡುತ್ತದೆ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಬೇಕು. ಅಲ್ಲಿ ನೀರು ಉಳಿದರೂ ಚಿಂತೆಯಿಲ್ಲ, ಏಕೆಂದರೆ ಪಿಪೆಟ್ಟಿನಿಂದ ಬಿದ್ದ ಆಸಿಡ್ಡಿನ ಒಟ್ಟು ಪ್ರಮಾಣ ನೀರಿನಿಂದ ಬದಲಾಗುವುದಿಲ್ಲ. ಈ ಒಂದು ವ್ಯತ್ಯಾಸದ ಕಾರಣ ಹೇಳಬಲ್ಲವರಿಗೆ ಟೈಟ್ರೇಷನ್ ಅರ್ಥವಾಗಿದೆ ಎಂದೇ ಲೆಕ್ಕ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇದನ್ನೇ ಕೇಳುವುದು ಸುಮ್ಮನೆ ಅಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಸ್ತುಗಳೆರಡೂ ಸರಿಸಮವಾಗಿ ಮುಗಿಯುವ ಕ್ಷಣ ಒಂದು, ನಮಗೆ ಬಣ್ಣ ಕಾಣುವ ಕ್ಷಣ ಇನ್ನೊಂದು. ಮೊದಲನೆಯದನ್ನು ಈಕ್ವಿವಲೆನ್ಸ್ ಪಾಯಿಂಟ್ ಎಂದೂ ಎರಡನೆಯದನ್ನು ಎಂಡ್ ಪಾಯಿಂಟ್ ಎಂದೂ ಕರೆಯುತ್ತಾರೆ. ಬಣ್ಣ ತಿರುಗಿ ಕೊನೆ ತೋರಿಸುವ ವಸ್ತು, ಅಂದರೆ ಸೂಚಕ, ಸರಿಯಾಗಿದ್ದರೆ ಇವೆರಡೂ ಹನಿಯ ಅಂತರದಲ್ಲಿರುತ್ತವೆ, ತಪ್ಪಾಗಿದ್ದರೆ ದೂರ ಸರಿಯುತ್ತವೆ. ವಿನೆಗರನ್ನು ಕಾಸ್ಟಿಕ್ ಸೋಡಾದ ಎದುರು ಟೈಟ್ರೇಟ್ ಮಾಡುವಾಗ ಫಿನಾಫ್ತಲೀನ್ ಹಾಕಿದರೆ ಸರಿ. ಅದು ಪಿಎಚ್ (ಆಮ್ಲ, ಕ್ಷಾರದ ಅಳತೆ) 8.2ರ ಆಸುಪಾಸಿನಿಂದ ಗುಲಾಬಿಯಾಗತೊಡಗುತ್ತದೆ, ವಿನೆಗರಿನ ಆಮ್ಲ ಮುಗಿಯುವುದೂ ಹೆಚ್ಚುಕಡಿಮೆ ಅಲ್ಲಿಯೇ. ಅದೇ ಕೆಲಸಕ್ಕೆ ಮಿಥೈಲ್ ಆರೆಂಜ್ ಬಳಸಿದರೆ ಅದು ಪಿಎಚ್ 3.1ರಿಂದ 4.4ರ ನಡುವೆಯೇ ಬಣ್ಣ ಬದಲಿಸಿ ಮುಗಿಸುತ್ತದೆ. ಆಮ್ಲ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಕೈ ಎಷ್ಟೇ ಚುರುಕಾಗಿರಲಿ, ಬ್ಯೂರೆಟ್ ಎಷ್ಟೇ ನಿಖರವಾಗಿರಲಿ, ಉತ್ತರ ಪೂರ್ತಿ ತಪ್ಪು.

ಕಾಲೇಜಿನ ಹೊರಗೆ ಈ ಕೆಲಸ ದಿನಾ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರವಾಗಿ ಕಟ್ಟುವುದನ್ನು ನೋಡಿದವರಿದ್ದಾರೆ. ಆ ನೀರಿನ ರಿಪೋರ್ಟಿನಲ್ಲಿ ‘ಟೋಟಲ್ ಹಾರ್ಡ್‌ನೆಸ್’ ಎಂಬ ಸಾಲಿನ ಮುಂದಿರುವ ಅಂಕಿ ಸಾಮಾನ್ಯವಾಗಿ ಬರುವುದು ಟೈಟ್ರೇಷನ್ನಿನಿಂದಲೇ. 50 ಮಿ.ಲೀ. ನೀರಿಗೆ ಪಿಎಚ್ಚನ್ನು 10ರಲ್ಲೇ ಹಿಡಿದಿಡುವ ಬಫರ್ ದ್ರಾವಣ ಹಾಕಿ, ಚಿಟಿಕೆಯಷ್ಟು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಪುಡಿ ಸೇರಿಸಿದರೆ ನೀರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂಗಳಿಗೆ ಈ ಬಣ್ಣ ಅಂಟಿಕೊಂಡಾಗಿನ ಕೆಂಪು ಅದು. ಬ್ಯೂರೆಟ್ಟಿನಿಂದ ಇಡಿಟಿಎ ಇಳಿಸುತ್ತ ಹೋದರೆ ಅದು ಮೊದಲು ಬಿಡಿಯಾಗಿರುವ ಲೋಹದ ಅಯಾನುಗಳನ್ನು ಹಿಡಿಯುತ್ತದೆ, ಕಡೆಗೆ ಬಣ್ಣದ ಕೈಯಲ್ಲಿದ್ದವನ್ನೂ ಕಿತ್ತುಕೊಳ್ಳುತ್ತದೆ. ಒಂಟಿಯಾದ ಬಣ್ಣ ಶುದ್ಧ ನೀಲಿ. ಕೆಂಪಿನಿಂದ ನೇರಳೆ, ನೇರಳೆಯಿಂದ ನೀಲಿ. ನೇರಳೆಯಲ್ಲಿ ನಿಲ್ಲಿಸಿದವರು ಅವಸರದವರು. 0.01 ಮೋಲಾರ್ ಇಡಿಟಿಎ ಇದ್ದರೆ ಲೆಕ್ಕ ಬಲು ಸುಲಭ. 1 ಮಿ.ಲೀ. ಇಳಿದರೆ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 22 ಮಿ.ಲೀ. ಇಳಿದರೆ 50 ಮಿ.ಲೀ. ನೀರಿನಲ್ಲಿ 22 ಮಿ.ಗ್ರಾಂ, ಲೀಟರಿಗೆ 440. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲ ಇಲ್ಲವೇ ಇಲ್ಲ ಎಂದಾಗ 600ರವರೆಗೆ. ಇಡಿಟಿಎ ಬರುವ ಮೊದಲು ಇದೇ ಗಡಸುತನವನ್ನು ಸೋಪಿನ ದ್ರಾವಣದಿಂದ ಅಳೆಯುತ್ತಿದ್ದರು. ನೊರೆ ನಿಲ್ಲುವವರೆಗೆ ಸೋಪು ಹಾಕುವುದು, ಎಷ್ಟು ಹಿಡಿಯಿತೆಂದು ಓದುವುದು. ಬಣ್ಣವೇ ಆಗಬೇಕೆಂದಿಲ್ಲ, ಯಾವುದಾದರೂ ಒಂದು ಗುರುತು ಸಾಕು.

ಹಾಲಿನ ಡೇರಿಯಲ್ಲಿಯೂ ಇದೇ. 10 ಮಿ.ಲೀ. ಹಾಲಿಗೆ ಫಿನಾಫ್ತಲೀನ್ ಹಾಕಿ, 0.1 ನಾರ್ಮಲ್ ಕಾಸ್ಟಿಕ್ ಸೋಡಾ ಇಳಿಸುತ್ತ ಮಸುಕು ಗುಲಾಬಿ ಬಂದಾಗ ನಿಲ್ಲಿಸುತ್ತಾರೆ. 1 ಮಿ.ಲೀ.ಗೆ 0.009 ಗ್ರಾಂ ಲ್ಯಾಕ್ಟಿಕ್ ಆಸಿಡ್ ಎಂಬ ಲೆಕ್ಕದಲ್ಲಿ 1.6 ಮಿ.ಲೀ. ಇಳಿದರೆ 0.144 ಶೇಕಡಾ ಎಂದು ಬರೆಯುತ್ತಾರೆ. ತಮಾಷೆಯೆಂದರೆ ಆಗಷ್ಟೇ ಕರೆದ ಹಾಲಿನಲ್ಲಿ ಲ್ಯಾಕ್ಟಿಕ್ ಆಸಿಡ್ ಇರುವುದಿಲ್ಲವೆಂದರೂ ಸರಿ. ಕಾಸ್ಟಿಕ್ ಸೋಡಾವನ್ನು ಹಿಡಿದದ್ದು ಹಾಲಿನ ಕೇಸೀನ್, ಫಾಸ್ಫೇಟ್ ಇತ್ಯಾದಿ. ಹಾಲು ಹುಳಿಯಾಗುತ್ತ ಹೋದಂತೆ ನಿಜವಾದ ಲ್ಯಾಕ್ಟಿಕ್ ಆಸಿಡ್ ಇದರ ಮೇಲೆ ಸೇರುತ್ತದೆ. ಅದಕ್ಕೇ ಇದನ್ನು ‘ಟೈಟ್ರೇಟಬಲ್ ಅಸಿಡಿಟಿ’ ಎಂದು ಎಚ್ಚರಿಕೆಯಿಂದ ಕರೆಯುತ್ತಾರೆ. ಟೈಟ್ರೇಟ್ ಮಾಡಿದಾಗ ಇಷ್ಟು ಕಂಡಿತು ಎಂದಷ್ಟೇ ಅದರ ಅರ್ಥ. ಹುಳಿಯಾದ ಹಾಲಿಗೆ ಅಡುಗೆ ಸೋಡಾ ಬೆರೆಸಿ ತಂದರೆ ಈ ಅಂಕಿ ಇಳಿದು ಹಾಲು ತಾಜಾ ಎಂದು ತೋರುತ್ತದೆ. ಆ ಮೋಸ ಹಿಡಿಯಲು ರೋಸಾಲಿಕ್ ಆಸಿಡ್ ಎಂಬ ಬೇರೆಯೇ ಪರೀಕ್ಷೆ ಬೇಕು. ಬ್ಯೂರೆಟ್ ತನ್ನನ್ನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಇನ್ನು ಪದದ ಹುಟ್ಟು. ಫ್ರೆಂಚಿನ ‘ತೀತ್ರ್’ ಇದರ ಮೂಲ. ಲ್ಯಾಟಿನ್ನಿನ ‘ಟಿಟುಲಸ್’ ಅದರ ಹಿಂದಿದೆ. ಇಂಗ್ಲಿಷಿನ ಟೈಟಲ್ ಕೂಡ ಅದೇ ಮನೆತನದ್ದು. ಚಿನ್ನ ಬೆಳ್ಳಿಯ ಶುದ್ಧತೆಗೂ ಫ್ರೆಂಚರು ತೀತ್ರ್ ಎನ್ನುತ್ತಾರೆ. ನಾವು ಅಂಗಡಿಯಲ್ಲಿ ‘916 ಇದೆಯಾ?’ ಎಂದು ಕೇಳುವ ಆ 916, ಸಾವಿರ ಭಾಗದಲ್ಲಿ ಎಷ್ಟು ಚಿನ್ನ ಎಂಬ ಅಂಕಿ, ಅವರಿಗೆ ತೀತ್ರ್. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬಟ್ಟೆ ಉದ್ಯಮ ಕ್ಲೋರಿನ್‌ನಿಂದ ಬಟ್ಟೆ ಬಿಳುಪು ಮಾಡಲು ಕಲಿತಾಗ ಹೊಸ ತಲೆನೋವು ಶುರುವಾಯಿತು. ಬ್ಲೀಚ್ ತೆಳುವಾದರೆ ಬಟ್ಟೆ ಬಿಳಿಯಾಗದು, ಗಡುಸಾದರೆ ನೂಲೇ ಹರಿದೀತು. ಜವಳಿ ಊರಾದ ರುವಾಂನಲ್ಲಿ ಡೆಕ್ರುವಾಜಿಲ್ ಎಂಬ ರಸಾಯನಶಾಸ್ತ್ರಜ್ಞ ನೀಲಿಬಣ್ಣದ, ಅಂದರೆ ಇಂಡಿಗೋ ದ್ರಾವಣದ ಬಣ್ಣ ಎಷ್ಟು ಬ್ಲೀಚಿಗೆ ಹೋಗುತ್ತದೆ ಎಂದು ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ ಅಳೆಯಲು ಹೊರಟ. ಬ್ಯೂರೆಟ್ಟಿನ ಅಜ್ಜ ಅದೇ.

ಆಮೇಲೆ ಬಂದದ್ದು ಅನಿಲಗಳ ನಿಯಮದಿಂದ ನಮಗೆ ಪರಿಚಿತನಾದ ಗೇ-ಲುಸಾಕ್. ಪಿಪೆಟ್, ಬ್ಯೂರೆಟ್ ಎಂಬ ಹೆಸರುಗಳು ಚಾಲ್ತಿಗೆ ಬಂದದ್ದು 1824ರ ಅವನ ಬರಹದಿಂದ. 1828ರಲ್ಲಿ ತೀತ್ರ್ ಪದವನ್ನು ಅವನು ಕ್ರಿಯಾಪದವಾಗಿಯೂ ಬಳಸಿದ. ಪ್ಯಾರಿಸ್ಸಿನಲ್ಲಿ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಸರ್ಕಾರಿ ಕೆಲಸವೂ ಅವನ ಪಾಲಿಗೆ ಬಂತು. ಬೆಂಕಿಯಲ್ಲಿ ಕಾಯಿಸಿ ಬೆಳ್ಳಿ ಬೇರ್ಪಡಿಸುವ ಹಳೆಯ ವಿಧಾನದಲ್ಲಿ ಸ್ವಲ್ಪ ಬೆಳ್ಳಿ ಕಳೆದುಹೋಗುತ್ತಿತ್ತು. ಅವನು ನಾಣ್ಯದ ತುಣುಕನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಕರಗಿಸಿ, ಅಳತೆ ಗೊತ್ತಿರುವ ಉಪ್ಪುನೀರನ್ನು ಸೇರಿಸುತ್ತ ಹೋದ. ಬಿಳಿ ಮೋಡದಂತೆ ಸಿಲ್ವರ್ ಕ್ಲೋರೈಡ್ ಇಳಿಯುತ್ತದೆ. ಹೊಸ ಹನಿಗೆ ಮೋಡ ಏಳದಿದ್ದರೆ ಬೆಳ್ಳಿ ಮುಗಿಯಿತು. ಶುದ್ಧತೆಯ ಅಂಕಿಗೂ ಹನಿ ಇಳಿಸುವ ಕೆಲಸಕ್ಕೂ ಒಂದೇ ಹೆಸರು ಬಿದ್ದದ್ದು ಇಂಥ ಜಾಗದಲ್ಲಿ ಸಹಜವೇ. 1855ರಲ್ಲಿ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್ ಈ ವಿಧಾನಗಳದ್ದೇ ಪಠ್ಯಪುಸ್ತಕ ಬರೆದ. ಪಿಯುಸಿ ಲ್ಯಾಬಿನ ತಿಳಿಹಸಿರು ಮೋರ್ಸ್ ಸಾಲ್ಟಿನ ಮೋರ್ ಇವನೇ.

ಇನ್ನು ಆಸ್ಪತ್ರೆಗೆ ಬರೋಣ.

ಚಪಾತಿ ಹಿಟ್ಟಿಗೆ ನೀರು ಹಾಕುವುದನ್ನು ನೆನೆಸಿಕೊಳ್ಳಿ. ಎಷ್ಟು ನೀರು ಎಂದು ಅಮ್ಮ ಯಾವತ್ತೂ ಅಳೆದವಳಲ್ಲ. ಹಿಟ್ಟು ಕೈಗೆ ಅಂಟದೆ ಒಟ್ಟಾಗುವ ಹದ ಬಂದಾಗ ನಿಲ್ಲಿಸುತ್ತಾಳೆ. ಇವತ್ತಿನ ಹಿಟ್ಟು ಎಷ್ಟು ನೀರು ಹಿಡಿಯಿತು ಎಂದು ಕೊನೆಯಲ್ಲಿ ಲೋಟ ನೋಡಿ ಬರೆದಿಟ್ಟರೆ ಅದು ಪ್ರಯೋಗಾಲಯದ ಟೈಟ್ರೇಷನ್. ಬರೆಯುವ ಗೋಜಿಲ್ಲದೆ, ಹದವಾದ ಹಿಟ್ಟು ಸಿಕ್ಕರೆ ಸಾಕು ಎಂದರೆ ಅದು ಆಸ್ಪತ್ರೆಯದ್ದು. ಕೈಯ ಕೆಲಸ ಎರಡರಲ್ಲೂ ಒಂದೇ, ಬೇಕಾದ ಫಲ ಬೇರೆ. ಕೆಮಿಸ್ಟ್ರಿಯಲ್ಲಿ ನಿಲ್ಲುವ ಜಾಗ ಒಂದು ಅಂಕಿಗೆ ದಾರಿ. ವೈದ್ಯರಿಗೆ ನಿಲ್ಲುವ ಜಾಗವೇ ಊರು.

ಇದು ವ್ಯಾಕರಣದಲ್ಲೂ ಕಾಣುತ್ತದೆ, ನನಗೆ ಈ ಪದದಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಅನಿಸುವುದು ಇದೇ. ಪ್ರಯೋಗಾಲಯದಲ್ಲಿ ‘ಟೈಟ್ರೇಟ್ ದ ಆಸಿಡ್’ ಎನ್ನುತ್ತಾರೆ. ಇಲ್ಲಿ ಕರ್ಮಪದ, ನಮಗೆ ಗೊತ್ತಿಲ್ಲದ್ದು. ಆಸ್ಪತ್ರೆಯಲ್ಲಿ ‘ಟೈಟ್ರೇಟ್ ದ ಡೋಸ್’ ಎನ್ನುತ್ತಾರೆ. ಡೋಸ್ ಎಷ್ಟು ಮಿಲಿಗ್ರಾಂ ಎಂಬುದು ಚೀಟಿಯ ಮೇಲೆಯೇ ಇದೆ, ಗೊತ್ತಿಲ್ಲದ್ದು ರೋಗಿಯ ಮೈ. ಹಾಗೆ ನೋಡಿದರೆ ‘ಟೈಟ್ರೇಟ್ ದ ಪೇಷಂಟ್’ ಎನ್ನುವುದೇ ಹಳೆಯ ವ್ಯಾಕರಣಕ್ಕೆ ಹತ್ತಿರ! ವಾರ್ಡುಗಳ ಅವಸರದ ಮಾತಿನಲ್ಲಿ ಹಾಗೆ ಅನ್ನುವವರೂ ಉಂಟು, ಕೇಳಲು ಮಾತ್ರ ಚೆನ್ನಾಗಿರುವುದಿಲ್ಲ.

ಇನ್ಸುಲಿನ್‌ಗೆ ಬರುವುದಾದರೆ, ದಿನಕ್ಕೊಮ್ಮೆ ಹಾಕುವ ದೀರ್ಘಕಾಲದ ಇನ್ಸುಲಿನ್ನನ್ನು ಸಾಮಾನ್ಯವಾಗಿ 10 ಯೂನಿಟ್ಟಿನಿಂದ ಶುರುಮಾಡುತ್ತಾರೆ. ಮಾರ್ಗಸೂಚಿಗಳಲ್ಲಿ ಬರುವ ಒಂದು ಸರಳ ಕ್ರಮವೆಂದರೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 80ರಿಂದ 130ರೊಳಗೆ ಬರುವವರೆಗೆ ಹೋಗುವುದು. 70ಕ್ಕಿಂತ ಕೆಳಗೆ ಇಳಿದರೆ ಕಾರಣ ಹುಡುಕಬೇಕು, ಕಾರಣ ಕಾಣದಿದ್ದರೆ ಡೋಸನ್ನೇ ಹತ್ತಿಪ್ಪತ್ತು ಶೇಕಡಾ ಇಳಿಸಬೇಕು. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಇಲ್ಲಿ ಸೂಚಕ. 2 ಯೂನಿಟ್ ಒಂದು ಹನಿ. ವಯಸ್ಸು, ಕಿಡ್ನಿ, ಊಟದ ಕ್ರಮ ನೋಡಿ ಈ ಅಂಕಿಗಳನ್ನೆಲ್ಲ ವೈದ್ಯರು ಬದಲಿಸುತ್ತಾರೆ. ಇಲ್ಲಿ ಓದಿದ್ದನ್ನು ಹಿಡಿದುಕೊಂಡು ಯಾರೂ ಸಿರಿಂಜ್ ತಿರುಗಿಸಬೇಡಿ.

ಮೂರು ದಿನವೇ ಏಕೆ, ದಿನಾ ಏರಿಸಬಾರದೇ? ಪರ್ಮ್ಯಾಂಗನೇಟಿನ ಮೊದಲ ಹನಿ ಮತ್ತೆ ಇಲ್ಲಿ ಬರುತ್ತದೆ. ಹಾಕಿದ್ದು ತನ್ನ ಕೆಲಸ ಪೂರ್ತಿ ತೋರಿಸುವ ಮುಂಚೆ ಇನ್ನೊಂದು ಹಾಕಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಥೈರಾಯ್ಡ್ ಮಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಹೊಸ ಡೋಸಿಗೆ ಮೈ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ. ಆದ್ದರಿಂದ 12.5 ಅಥವಾ 25 ಮೈಕ್ರೋಗ್ರಾಂ ಬದಲಿಸಿ, ಆರೆಂಟು ವಾರ ಬಿಟ್ಟು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ ನೋಡುತ್ತಾರೆ. ‘ಹದಿನೈದು ದಿನವಾಯ್ತು, ಇನ್ನೂ ಸುಸ್ತು’ ಎಂದು ಡಾಕ್ಟರನ್ನು ಬದಲಿಸಿದರೆ ಹೊಸ ಡಾಕ್ಟರು ಮೊದಲನೇ ಹನಿಯಿಂದ ಶುರುಮಾಡಬೇಕು. ಆ ಮಾತ್ರೆಯನ್ನು ಬೆಳಗಿನ ಫಿಲ್ಟರ್ ಕಾಫಿಯ ಜೊತೆಗೇ ನುಂಗುವವರದ್ದು ಇನ್ನೊಂದು ಕಥೆ. ಕಾಫಿ ಅದರ ಹೀರುವಿಕೆಯನ್ನು ತಗ್ಗಿಸುತ್ತದೆ. ಇವತ್ತು ಕಾಫಿಯೊಡನೆ, ನಾಳೆ ಬರೀ ನೀರಿನೊಡನೆ ಎಂದರೆ ಚೀಟಿಯಲ್ಲಿ ಬರೆದ ಡೋಸಿಗೂ ಮೈಗೆ ಸೇರಿದ ಡೋಸಿಗೂ ತಾಳೆಯೇ ಇರುವುದಿಲ್ಲ. ಆಗ ಟಿಎಸ್‌ಎಚ್ ನೋಡಿ ಏರಿಸುವುದೂ ಇಳಿಸುವುದೂ ಕತ್ತಲಲ್ಲಿ ಬ್ಯೂರೆಟ್ ಓದಿದಂತೆ.

ಐಸಿಯುನಲ್ಲಿ ಇದೇ ಕೆಲಸ ನಿಮಿಷಗಳಲ್ಲಿ ನಡೆಯುತ್ತದೆ. ಸೋಂಕು ರಕ್ತಕ್ಕೇರಿ ಬಿಪಿ ಕುಸಿದ ರೋಗಿಗೆ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಇನ್‌ಫ್ಯೂಷನ್ ಪಂಪಿನಲ್ಲಿ ಹೋಗುತ್ತಿರುತ್ತದೆ. ಮೀನ್ ಆರ್ಟೀರಿಯಲ್ ಪ್ರೆಷರ್, ಅಂದರೆ ಸರಾಸರಿ ರಕ್ತದೊತ್ತಡ, 65ಕ್ಕೆ ಬರಬೇಕು ಎಂಬುದು ಸಾಮಾನ್ಯ ಗುರಿ. ರಕ್ತದಲ್ಲಿ ಈ ಔಷಧದ ಆಯುಸ್ಸೇ ಎರಡು ಮೂರು ನಿಮಿಷವಾದ್ದರಿಂದ ಐದು ನಿಮಿಷಕ್ಕೆ ಫಲ ಕಾಣುತ್ತದೆ. ಪಂಪಿನ ವೇಗವನ್ನು ಚೂರು ಚೂರೇ ಏರಿಸಿ ಇಳಿಸುವ ಸ್ಟಾಫ್ ನರ್ಸ್ ಮಾನಿಟರಿನಿಂದ ಕಣ್ಣು ಕೀಳುವುದಿಲ್ಲ. ಒಂದೇ ಕ್ರಿಯಾಪದ, ಒಂದು ಕಡೆ ಆರು ವಾರ, ಇನ್ನೊಂದು ಕಡೆ ಐದು ನಿಮಿಷ. ಟೈಟ್ರೇಟ್ ಅಂದರೆ ನಿಧಾನ ಎಂದುಕೊಂಡವರಿದ್ದಾರೆ, ಅದು ತಪ್ಪು. ಹನಿಗಳ ನಡುವಿನ ಅಂತರವನ್ನು ನಿರ್ಧರಿಸುವುದು ಹನಿಯ ಸ್ವಭಾವ.

ಆಮ್ಲಜನಕವನ್ನೂ ಟೈಟ್ರೇಟ್ ಮಾಡುತ್ತಾರೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಆಕ್ಸಿಮೀಟರ್ ಬಂದ ಮೇಲೆ ಅದರ ಅಂಕಿ ಎಲ್ಲರ ಬಾಯಲ್ಲಿತ್ತು. ಸಾಮಾನ್ಯ ರೋಗಿಗೆ 94–98 ಗುರಿ ಎಂದರೆ, ಸಿಒಪಿಡಿ ಎಂಬ ದೀರ್ಘಕಾಲದ ಉಸಿರಾಟದ ಕಾಯಿಲೆಯಿಂದ ಶ್ವಾಸಕೋಶ ಸೋತವರಿಗೆ 88–92 ಸಾಕು. ಅವರಿಗೆ ಬೇಕಾಬಿಟ್ಟಿ ಆಮ್ಲಜನಕ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯಬಹುದು. ನೂರಕ್ಕೆ ನೂರು ಬರಲಿ ಎಂದು ಸಿಲಿಂಡರಿನ ಮೀಟರ್ ತಿರುಗಿಸುವ ಮನೆಯವರಿಗೆ ಇದನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ. ಬ್ಯೂರೆಟ್ಟಿನಲ್ಲಿ ಎರಡು ಹನಿ ಹೆಚ್ಚಾದರೆ ಚೆಲ್ಲಿ ಇನ್ನೊಮ್ಮೆ ಮಾಡಬಹುದು, ಮನುಷ್ಯರಲ್ಲಿ ಆ ಅನುಕೂಲವಿಲ್ಲ. ಅದಕ್ಕೇ ವೈದ್ಯರು ಎಷ್ಟೋ ಔಷಧಗಳಿಗೆ ‘ಸ್ಟಾರ್ಟ್ ಲೋ, ಗೋ ಸ್ಲೋ’ ಎನ್ನುವುದು.

ಇಲ್ಲಿ ಒಂದು ತಕರಾರಿದೆ. ಮೂರ್ಛೆರೋಗಕ್ಕೆ ಕೊಡುವ ಲಾಮೊಟ್ರಿಜಿನ್ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ವಾರ 25 ಮಿ.ಗ್ರಾಂ, ಮುಂದಿನ ಎರಡು ವಾರ 50 ಮಿ.ಗ್ರಾಂ ಎಂದು ಕ್ಯಾಲೆಂಡರ್ ನೋಡಿ ಏರಿಸುತ್ತಾರೆ. ಅವಸರ ಮಾಡಿದರೆ ಚರ್ಮದ ಮೇಲೆ ಅಪಾಯದ ದದ್ದು ಏಳುವ ಸಂಭವ ಹೆಚ್ಚು. ತೂಕ ಇಳಿಸಲು ಈಗ ಹೆಸರಾಗಿರುವ ಸೆಮಾಗ್ಲುಟೈಡ್ ಇಂಜೆಕ್ಷನ್ನೂ ಹಾಗೆಯೇ, ವಾರಕ್ಕೆ 0.25 ಮಿ.ಗ್ರಾಂನಿಂದ ಶುರುವಾಗಿ ನಾಲ್ಕು ನಾಲ್ಕು ವಾರಕ್ಕೆ ಮೆಟ್ಟಿಲು. ಡಬ್ಬಿಯ ಮೇಲಿನ ವೇಳಾಪಟ್ಟಿಗೂ ‘ಟೈಟ್ರೇಷನ್ ಶೆಡ್ಯೂಲ್’ ಎಂಬ ಹೆಸರು. ರೋಗಿಯ ಮೈ ಏನು ಹೇಳುತ್ತದೆ ಎಂದು ಕೇಳದೆ ದಿನಾಂಕ ನೋಡಿ ಏರಿಸುವುದು ಟೈಟ್ರೇಟ್ ಹೇಗಾಗುತ್ತದೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಡೋಸ್ ಎಸ್ಕಲೇಷನ್ ಎನ್ನುವುದೇ ಸರಿ ಎಂದು ನನಗೂ ಅನಿಸುತ್ತದೆ. ಆದರೆ ದದ್ದು ಕಂಡರೆ, ವಾಂತಿ ತಡೆಯದಾದರೆ ಅಲ್ಲಿಯೇ ನಿಲ್ಲಿಸುತ್ತಾರಲ್ಲ, ಅಷ್ಟರ ಮಟ್ಟಿಗೆ ಪದ ಉಳಿದುಕೊಂಡಿದೆ. ಸ್ಟೀರಾಯ್ಡ್ ಮಾತ್ರೆಯನ್ನು ವಾರ ವಾರ ಇಳಿಸುತ್ತ ನಿಲ್ಲಿಸುವುದಕ್ಕೆ ಮಾತ್ರ ಟೇಪರ್ ಎಂಬ ಬೇರೆ ಪದವೇ ಇದೆ, ಅಲ್ಲಿ ಟೈಟ್ರೇಟ್ ಬೇಡ.

ಟೈಟ್ರೇಟಿನ ನಾಮಪದ ‘ಟೈಟರ್’ ನಮ್ಮೂರುಗಳಲ್ಲಿ ಹೆಚ್ಚು ಕಾಣುವುದು ವಿಡಾಲ್ ರಿಪೋರ್ಟಿನಲ್ಲಿ. ಫ್ರಾನ್ಸಿನ ವಿಡಾಲ್ 1896ರಲ್ಲಿ ಹೇಳಿಕೊಟ್ಟ ಈ ಟೈಫಾಯ್ಡ್ ಪರೀಕ್ಷೆ ಇಂದಿಗೂ ತಾಲ್ಲೂಕು ಮಟ್ಟದ ಲ್ಯಾಬುಗಳಲ್ಲಿ ಜೀವಂತವಾಗಿದೆ. ‘1:80’, ‘1:160’ ಎಂಬ ಅಂಕಿಗಳು ಎಲ್ಲಿಂದ ಬಂದವು? ಇಲ್ಲಿ ಸೇರಿಸುತ್ತ ಹೋಗುವುದಲ್ಲ, ತೆಳುಮಾಡುತ್ತ ಹೋಗುವುದು. ರೋಗಿಯ ಸೀರಮ್ಮನ್ನು 20ಕ್ಕೆ ಒಂದು ಪಾಲು, 40ಕ್ಕೆ ಒಂದು, 80ಕ್ಕೆ ಒಂದು ಎಂದು ಇಮ್ಮಡಿ ಇಮ್ಮಡಿ ತೆಳುಮಾಡಿ, ಪ್ರತಿಯೊಂದಕ್ಕೂ ಟೈಫಾಯ್ಡ್ ಬ್ಯಾಕ್ಟೀರಿಯಾದ ಸತ್ತ ಕಣಗಳನ್ನು ಬೆರೆಸುತ್ತಾರೆ. ಪ್ರತಿಕಾಯಗಳಿದ್ದರೆ ಕಣಗಳು ಗಂಟುಕಟ್ಟುತ್ತವೆ. ಗಂಟು ಕಂಡ ಕೊನೆಯ ನಳಿಕೆ ಯಾವುದೋ ಅದೇ ಟೈಟರ್. 1:160 ಎಂದರೆ 160 ಪಾಲಿಗೆ ಒಂದು ಪಾಲಿನಷ್ಟು ತೆಳುವಾದರೂ ಗಂಟುಕಟ್ಟುವ ಶಕ್ತಿ ಉಳಿದಿತ್ತು ಎಂದರ್ಥ. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. ‘ನೂರರವತ್ತು ಬಂದಿದೆ, ಟೈಫಾಯ್ಡೇ’ ಎಂದು ಒಂದೇ ರಿಪೋರ್ಟಿನಲ್ಲಿ ತೀರ್ಪು ಕೊಡುವುದು ಮಾತ್ರ ಸರಿಯಲ್ಲ. ಟೈಫಾಯ್ಡ್ ಸಾಮಾನ್ಯವಾಗಿರುವ ಊರುಗಳಲ್ಲಿ ಆರೋಗ್ಯವಂತರಲ್ಲೂ ಹಳೆಯ ಪ್ರತಿಕಾಯಗಳು ಇರುತ್ತವೆ. ಕೆಲವು ದಿನ ಬಿಟ್ಟು ಮತ್ತೆ ನೋಡಿದಾಗ ಟೈಟರ್ ನಾಲ್ಕು ಪಟ್ಟು ಏರಿದ್ದರೆ ಆ ಮಾತಿಗೆ ತೂಕ. ವೈರಸ್ ತಜ್ಞರು ‘ವೈರಸ್ಸನ್ನು ಟೈಟ್ರೇಟ್ ಮಾಡಿದೆವು’ ಎನ್ನುವುದೂ ಬಹುಮಟ್ಟಿಗೆ ಈ ಅರ್ಥದಲ್ಲಿ.

ಇಂಗ್ಲಿಷಿನಲ್ಲಿ ಬರೆಯಬೇಕಾದವರಿಗೆ ಒಂದೆರಡು ಮಾತು. ನಮ್ಮ ಕಾಲೇಜುಗಳ ರೂಢಿಯಲ್ಲಿ ‘ಟೈಟ್ರೇಟ್ ಎ ಅಗೇನ್ಸ್ಟ್ ಬಿ’, ಅಮೆರಿಕದ ಬರಹಗಳಲ್ಲಿ ಹೆಚ್ಚಾಗಿ ‘ಟೈಟ್ರೇಟ್ ಎ ವಿತ್ ಬಿ’. ಎರಡೂ ಸರಿ. ಎಲ್ಲಿ ನಿಲ್ಲಿಸಬೇಕು ಎಂಬುದು ‘ಟು’ ಆದಮೇಲೆ ಬರುತ್ತದೆ: ಟು ದ ಎಂಡ್ ಪಾಯಿಂಟ್, ಟು ಎಫೆಕ್ಟ್, ಟು ಎ ಸ್ಯಾಚುರೇಷನ್ ಆಫ್ 92. ಏರಿಸಿದರೆ ‘ಅಪ್’, ಇಳಿಸಿದರೆ ‘ಡೌನ್’. ಕರಗದ ವಸ್ತುವಿಗೆ, ಉದಾಹರಣೆಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಆಂಟಾಸಿಡ್ ಮಾತ್ರೆಗೆ, ‘ಬ್ಯಾಕ್ ಟೈಟ್ರೇಟ್’ ಮಾಡುತ್ತಾರೆ. ಮೊದಲೇ ಅಳೆದು ಹೆಚ್ಚಿಗೆ ಆಸಿಡ್ ಹಾಕಿ ಮಾತ್ರೆ ಕರಗಿಸಿ, ಮಿಕ್ಕ ಆಸಿಡ್ ಎಷ್ಟು ಎಂದು ಟೈಟ್ರೇಟ್ ಮಾಡಿ ಕಳೆಯುವುದು. ಔಷಧ ಕಂಪನಿಗಳ ಕ್ವಾಲಿಟಿ ಕಂಟ್ರೋಲ್ ಕೆಲಸದ ಜಾಹೀರಾತಿನಲ್ಲಿ ಬರುವ ‘ಕೆಎಫ್’ ಎಂದರೆ ಕಾರ್ಲ್ ಫಿಶರ್. ಔಷಧದೊಳಗಿನ ನೀರಿನಂಶವನ್ನು ಟೈಟ್ರೇಟ್ ಮಾಡುವ, 1935ರಲ್ಲಿ ಅವನು ಪ್ರಕಟಿಸಿದ ವಿಧಾನ. ಸಾಂದ್ರತೆ ಬೇರೆ ರೀತಿಯಲ್ಲಿ, ಯಂತ್ರದಲ್ಲಿ ಬೆಳಕು ಹಾಯಿಸಿ ಅಳೆದಿದ್ದರೆ ‘ಟೈಟ್ರೇಟೆಡ್’ ಎಂದು ಬರೆಯಬೇಡಿ. ಉಪಕರಣದ ಅಳತೆಯನ್ನು ಮಾನಕಕ್ಕೆ ಹೊಂದಿಸಿದ್ದರೆ ಅದು ಕ್ಯಾಲಿಬ್ರೇಟ್. ಆಫೀಸು ಇಂಗ್ಲಿಷಿನಲ್ಲಿ ‘ಟೈಟ್ರೇಟ್ ಯುವರ್ ವರ್ಕ್‌ಲೋಡ್’ ಎನ್ನುವವರನ್ನು ತಡೆಯಲಾಗದು, ಆದರೆ ಬರೀ ‘ಅಡ್ಜಸ್ಟ್’ ಸಾಕಾಗುವಲ್ಲಿ ಇದನ್ನು ತರುವುದು ಶೋಕಿ.

ಔಷಧ ಚೀಟಿಯಲ್ಲಿ ಟೈಟ್ರೇಟ್ ಎಂದಿದ್ದರೆ ಡಾಕ್ಟರನ್ನು ಕೇಳಲೇಬೇಕಾದದ್ದು ಮೂರು: ಯಾವುದನ್ನು ನೋಡಿ ಏರಿಸಬೇಕು, ಎಷ್ಟು ದಿನ ಬಿಟ್ಟು, ಎಲ್ಲಿಯವರೆಗೆ. ಮೂರನೆಯದನ್ನು ಹೆಚ್ಚಿನವರು ಕೇಳುವುದಿಲ್ಲ. ದೀರ್ಘಕಾಲದ ಇನ್ಸುಲಿನ್ ತೂಕದ ಕಿಲೋಗೆ ದಿನಕ್ಕೆ ಅರ್ಧ ಯೂನಿಟ್ ದಾಟಿದರೆ, ಅಂದರೆ 70 ಕಿಲೋದವರಿಗೆ 35ರ ಆಚೆ ಹೋದರೆ, ವೈದ್ಯರು ಮತ್ತೆ ಏರಿಸುವ ಮುಂಚೆ ಬೇರೇನಾದರೂ ಬೇಕೇ ಎಂದು ಯೋಚಿಸುತ್ತಾರೆ. ಬೆಳಗಿನ ಸಕ್ಕರೆ ಸರಿಹೋಗಿ, ಊಟದ ನಂತರದ ಸಕ್ಕರೆಯಷ್ಟೇ ಮೇಲಿದ್ದರೆ ಆ ಇನ್ಸುಲಿನ್ನನ್ನು ಇನ್ನೆಷ್ಟು ಏರಿಸಿದರೂ ಪ್ರಯೋಜನವಿಲ್ಲ, ನಡುರಾತ್ರಿ ಸಕ್ಕರೆ ಕುಸಿದು ಬೆವರುವುದೊಂದೇ ಬಾಕಿ. ಅಂಥವರಿಗೆ ಬೇಕಿರುವುದು ಊಟದ ಹೊತ್ತಿನ ಔಷಧ ಅಥವಾ ಊಟದಲ್ಲೇ ಬದಲಾವಣೆ, ಮತ್ತು ಅದನ್ನು ಟೈಟ್ರೇಟ್ ಮಾಡಲು ನೋಡಬೇಕಾದದ್ದು ಊಟವಾಗಿ ಎರಡು ಗಂಟೆಯ ನಂತರದ ಅಂಕಿ.